ನಿಂತ ಮೋಟಾರಿನ ಪರವಾಗಿ ಎರಡು ಮಾತು

ಬೇಸಿಗೆ ಬಂತೆಂದರೆ ಕಾರಿರುವ ಪರಿಚಿತರಿಂದ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಕಿಟಕಿಯ ಗಾಜು ಅರ್ಧಕ್ಕೆ ನಿಂತುಬಿಟ್ಟಿತು, ಗುಂಡಿ ಎಷ್ಟು ಒತ್ತಿದರೂ ಜಪ್ಪಯ್ಯ ಎಂದರೂ ಅಲುಗಲಿಲ್ಲ, ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ತಾನೇ ಸರಿಹೋಗಿತ್ತು ಎಂಬುದು ಆ ದೂರಿನ ಸಾರಾಂಶ. ಹೇಳುವವರ ದನಿಯಲ್ಲಿ ಸಿಟ್ಟಿರುತ್ತದೆ. ಲಕ್ಷಗಟ್ಟಲೆ ಹಣ ಕೊಟ್ಟು ಕೊಂಡ ವಾಹನ ಹೀಗೆ ಹಟ ಹಿಡಿಯಬಹುದೆ ಎಂಬ ಸಿಟ್ಟು. ಗ್ಯಾರೇಜಿನವನ ಮುಂದೆ ಸುಳ್ಳುಗಾರರಾದೆವಲ್ಲ ಎಂಬ ಸಂಕೋಚವೂ ಅದರಲ್ಲಿ ಬೆರೆತಿರುತ್ತದೆ.

ಇಂಥ ದೂರುಗಳಲ್ಲಿ ಬಹುಪಾಲು, ನನ್ನ ಅಭಿಪ್ರಾಯದಲ್ಲಿ, ದೂರುಗಳೇ ಅಲ್ಲ. ಅಲ್ಲಿ ಕೆಟ್ಟದ್ದು ಏನೂ ಇಲ್ಲ. ಬಾಗಿಲಿನ ಹೊಟ್ಟೆಯೊಳಗಿರುವ ಚಿಕ್ಕ ಮೋಟಾರು ಮಿತಿಮೀರಿ ಕಾದಿದೆ. ಸುಟ್ಟುಹೋಗುವ ಮೊದಲೇ ಅದಕ್ಕೆ ಹೋಗುವ ವಿದ್ಯುತ್ತನ್ನು ಒಂದು ರಕ್ಷಣಾ ಸಾಧನ ತಡೆದಿದೆ. ತಣಿದ ಮೇಲೆ ಮತ್ತೆ ಬಿಟ್ಟಿದೆ. ಇಷ್ಟನ್ನು ತಿಳಿಯದೆ ನಾವು ಆ ಸಾಧನವನ್ನೇ ರೋಗವೆಂದು ಬಗೆದು ಕಿತ್ತೊಗೆಯುವ ಸ್ಥಿತಿಗೆ ಬಂದಿದ್ದೇವೆ. ಅದನ್ನು ಕುರಿತೇ ಈ ಬರಹ.

ಅಂಬಾಸಿಡರ್ ಕಾರನ್ನೂ, 1983ರಲ್ಲಿ ಬಂದ ಮಾರುತಿ 800ನ್ನೂ ಬಲ್ಲವರಿಗೆ ಗಾಜು ಏರಿಸುವ ಹಿಡಿಕೆಯ ನೆನಪಿರುತ್ತದೆ. ತೋಳಿನಿಂದ ತಿರುಗಿಸಬೇಕು; ಗಾಜು ಗೊರಗೊರ ಎನ್ನುತ್ತ ಏರಬೇಕು. ರಬ್ಬರಿಗೆ ಧೂಳು ಮೆತ್ತಿದ್ದರೆ, ಗಾಜು ಓರೆಯಾಗಿದ್ದರೆ, ಸಂದಿಯಲ್ಲಿ ಏನಾದರೂ ಸಿಕ್ಕಿದ್ದರೆ ತೋಳಿಗೆ ಆ ಕ್ಷಣವೇ ತಿಳಿಯುತ್ತಿತ್ತು. ಯಾರೂ ಹಿಡಿಕೆ ಮುರಿಯುವವರೆಗೆ ತಿರುಗಿಸುತ್ತಿರಲಿಲ್ಲ. ಆ ತೋಳೇ ಯಂತ್ರದ ಚಾಲಕಶಕ್ತಿ, ಆ ತೋಳೇ ಅದರ ಕಾವಲುಗಾರ. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರಲ್ಲಿಯೇ ತನ್ನ ದುಬಾರಿ ಕಾರುಗಳಿಗೆ ಗುಂಡಿ ಒತ್ತಿದರೆ ಏರಿಳಿಯುವ ಗಾಜನ್ನು ಅಳವಡಿಸಿತ್ತು. ನಮ್ಮ ಮಧ್ಯಮವರ್ಗದ ಕಾರುಗಳಿಗೆ ಆ ಸೌಕರ್ಯ ಇಳಿದು ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಬಂದಾಗ ತೋಳಿನ ಶ್ರಮ ಹೋಯಿತು, ಜೊತೆಗೆ ತೋಳಿನ ತಿಳಿವಳಿಕೆಯೂ ಹೋಯಿತು. ಗುಂಡಿ ಒತ್ತುವ ಬೆರಳಿಗೆ ಗಾಜಿನ ಕಷ್ಟ ಗೊತ್ತಾಗುವುದಿಲ್ಲ.

ಹಾಗಾದರೆ ಮೋಟಾರಿಗೆ ಕಷ್ಟವಾದಾಗ ಏನಾಗುತ್ತದೆ? ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಹತ್ತನೆಯ ತರಗತಿಯ ಮಕ್ಕಳು ಮೋಟಾರಿನ ಚಿತ್ರವನ್ನು ಅಂದವಾಗಿ ಬರೆದು, ಭಾಗಗಳನ್ನು ಗುರುತಿಸಿ, ನಾಲ್ಕು ಅಂಕ ಗಿಟ್ಟಿಸುತ್ತಿದ್ದರು. ಆ ಮೋಟಾರನ್ನು ತಿರುಗದಂತೆ ಕೈಯಲ್ಲಿ ಹಿಡಿದರೆ ಏನಾದೀತೆಂದು ಕೇಳಿದರೆ ತರಗತಿ ಮೌನವಾಗುತ್ತಿತ್ತು. ಪರೀಕ್ಷೆಗೆ ಬಾರದ ಪ್ರಶ್ನೆ ಅದು. ಆದರೆ ಜೀವನದಲ್ಲಿ ಬರುವ ಪ್ರಶ್ನೆ ಅದೇ.

ಮೋಟಾರು ತಿರುಗುತ್ತಿರುವಾಗ ಅದರ ಸುರುಳಿ ಕಾಂತಕ್ಷೇತ್ರದಲ್ಲಿ ಚಲಿಸುತ್ತದಷ್ಟೆ. ಚಲಿಸುವ ಸುರುಳಿ ತಾನೇ ಒಂದು ಪುಟ್ಟ ಜನರೇಟರಿನಂತೆ ವರ್ತಿಸಿ, ಬ್ಯಾಟರಿಯ ಒತ್ತಡಕ್ಕೆ ಎದುರಾಗಿ ಒಂದು ಹಿಮ್ಮುಖ ವಿದ್ಯುಚ್ಚಾಲಕ ಬಲವನ್ನು ಹುಟ್ಟಿಸುತ್ತದೆ. ಈ ಎದುರೊತ್ತಡವೇ ಪ್ರವಾಹಕ್ಕೆ ಕಡಿವಾಣ. ವೇಗ ಕಡಿಮೆಯಾದಂತೆ ಕಡಿವಾಣ ಸಡಿಲವಾಗುತ್ತದೆ; ಪೂರ್ತಿ ನಿಂತರೆ ಕಡಿವಾಣವೇ ಇಲ್ಲ. ಆಗ ಪ್ರವಾಹವನ್ನು ತಡೆಯಲು ಉಳಿಯುವುದು ತಾಮ್ರದ ತಂತಿಯ ಅಲ್ಪಸ್ವಲ್ಪ ರೋಧ ಮಾತ್ರ. ತಿರುಗುವ ಮೋಟಾರಿಗಿಂತ ನಿಂತ ಮೋಟಾರು ಹೆಚ್ಚು ವಿದ್ಯುತ್ತನ್ನು ಕುಡಿಯುತ್ತದೆ ಎಂದರೆ ಬಹಳ ಮಂದಿ ನಂಬುವುದಿಲ್ಲ. ಆದರೂ ಸತ್ಯ ಅದೇ.

ಲೆಕ್ಕ ಮಾಡಿ ನೋಡೋಣ. ಲೆಕ್ಕಕ್ಕೆ ಅನುಕೂಲವಾಗಲೆಂದು ಸುರುಳಿಯ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. ಬ್ಯಾಟರಿ 12 ವೋಲ್ಟ್. ಗಾಜು ಸರಾಗವಾಗಿ ಏರುವಾಗ 6 ಆಂಪಿಯರ್ ಹರಿಯುತ್ತದೆಂದು ಭಾವಿಸಿದರೆ, ಜೌಲನ ನಿಯಮದಂತೆ ಸುರುಳಿಯಲ್ಲಿ ಹುಟ್ಟುವ ಶಾಖ 18 ವಾಟ್. ಗಾಜು ಸಿಕ್ಕಿಕೊಂಡು ಮೋಟಾರು ನಿಂತರೆ ಹರಿಯುವುದು 24 ಆಂಪಿಯರ್; ಶಾಖ 288 ವಾಟ್. ಪ್ರವಾಹ ನಾಲ್ಕು ಪಟ್ಟಾದರೆ ಶಾಖ ಹದಿನಾರು ಪಟ್ಟು! ಮುಷ್ಟಿಯಷ್ಟು ಗಾತ್ರದ, ಗಾಳಿಯಾಡದ ಡಬ್ಬಿಯೊಳಗೆ ಇಷ್ಟು ಶಾಖ. ಸುರುಳಿಯಲ್ಲಿ 100 ಗ್ರಾಂ ತಾಮ್ರವಿದ್ದು, ಶಾಖವೆಲ್ಲ ಅದರಲ್ಲೇ ಉಳಿಯಿತೆಂದರೆ ಪ್ರತಿ ಸೆಕೆಂಡಿಗೆ ಏಳು ಡಿಗ್ರಿಗೂ ಹೆಚ್ಚು ತಾಪ ಏರುತ್ತದೆ. ನಲವತ್ತು ಡಿಗ್ರಿಯಿಂದ ಹೊರಟ ತಾಮ್ರ ಹನ್ನೆರಡು ಸೆಕೆಂಡುಗಳಲ್ಲಿ 130 ಡಿಗ್ರಿ ಮುಟ್ಟುತ್ತದೆ. ಇದು ಸ್ಥೂಲ ಲೆಕ್ಕವೆಂಬುದನ್ನು ಒಪ್ಪುತ್ತೇನೆ. ಸುರುಳಿಯ ನಡುವಿನ ಕಬ್ಬಿಣವೂ ಒಂದಿಷ್ಟು ಶಾಖ ಹೀರುತ್ತದೆ; ತಾಮ್ರ ಕಾದಂತೆ ಅದರ ರೋಧ ಡಿಗ್ರಿಗೆ ನೂರಕ್ಕೆ 0.39ರಂತೆ ಏರಿ ಪ್ರವಾಹವನ್ನು ತುಸು ತಗ್ಗಿಸುತ್ತದೆ. ಎಷ್ಟೇ ರಿಯಾಯಿತಿ ಕೊಟ್ಟರೂ ವಿಷಯ ಸೆಕೆಂಡುಗಳದ್ದೇ ಹೊರತು ಗಂಟೆಗಳದ್ದಲ್ಲ.

ತಾಮ್ರದ ತಂತಿಯ ಮೇಲೆ ಎನಾಮೆಲ್ಲಿನ ತೆಳುವಾದ ಲೇಪವಿರುತ್ತದೆ. ಎಳೆಗೂ ಎಳೆಗೂ ನಡುವೆ ಇರುವ ಗೋಡೆ ಅದೊಂದೇ. ‘ಬಿ’ ದರ್ಜೆಯ ಹೊದಿಕೆ 130 ಡಿಗ್ರಿ ತಡೆಯುತ್ತದೆ, ‘ಎಫ್’ ದರ್ಜೆಯದು 155, ‘ಎಚ್’ ದರ್ಜೆಯದು 180. ಮಿತಿಗಿಂತ ಹತ್ತು ಡಿಗ್ರಿ ಹೆಚ್ಚು ಕಾದರೆ ಹೊದಿಕೆಯ ಆಯಸ್ಸು ಅರ್ಧವಾಗುತ್ತದೆ ಎಂಬ ಸ್ಥೂಲ ನಿಯಮವನ್ನು ಮೋಟಾರು ಕಟ್ಟುವವರು ಬಹಳ ಕಾಲದಿಂದ ಪಾಲಿಸುತ್ತ ಬಂದಿದ್ದಾರೆ. ಹೊದಿಕೆ ಸುಟ್ಟರೆ ಎಳೆಗಳು ಒಂದಕ್ಕೊಂದು ತಾಗಿ, ಪ್ರವಾಹ ಇನ್ನೂ ಹೆಚ್ಚಿ, ಕುಂಚಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕರಗಿ, ಆಮೇಲೆ ಬರುವುದು ಹೊಗೆ.

‘ಹಾಗಿದ್ದರೆ ದೊಡ್ಡ ಮೋಟಾರನ್ನೇ ಇಡಬಾರದೆ?’ ಎಂದು ಕೇಳುವವರುಂಟು. ಇಡಬಹುದು. ಆದರೆ ನಾಲ್ಕೈದು ಸೆಕೆಂಡಿನ ಕೆಲಸಕ್ಕಾಗಿ, ದಿನಕ್ಕೆ ಹತ್ತೋ ಇಪ್ಪತ್ತೋ ಬಾರಿ ದುಡಿಯುವ ಯಂತ್ರಕ್ಕೆ, ಮನೆಯ ಫ್ಯಾನಿನಂತೆ ಹಗಲಿರುಳು ತಿರುಗುವ ಮೋಟಾರು ಬೇಕೆ? ಬಾಗಿಲಿನಲ್ಲಿ ಜಾಗವೂ ಇಲ್ಲ; ತೂಕ ಹೆಚ್ಚಿದರೆ ಪೆಟ್ರೋಲೂ ಹೆಚ್ಚು. ಬಿಟ್ಟು ಬಿಟ್ಟು ದುಡಿಯುವ ಚಿಕ್ಕ ಮೋಟಾರು, ಅದರ ಪಕ್ಕದಲ್ಲೊಂದು ಕಾವಲು. ಈ ಜೋಡಿ ಜಾಣತನದ್ದೇ. ಇದರಲ್ಲಿ ಕಂಪನಿಗಳ ಜಿಪುಣತನವನ್ನು ಹುಡುಕುವುದು ನ್ಯಾಯವಲ್ಲ.

ಕಾವಲಿನಲ್ಲಿ ಮುಖ್ಯವಾಗಿ ಮೂರು ಬಗೆ. ಹಳೆಯದು ದ್ವಿಲೋಹ ಪಟ್ಟಿ. ಇಸ್ತ್ರಿಪೆಟ್ಟಿಗೆಯಲ್ಲಿ ‘ಟಿಕ್’ ಎನ್ನುವುದು ಇದರ ಬಂಧುವೇ. ಕಾದಾಗ ಬಾಗಿ ಸಂಪರ್ಕ ಬಿಡುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಇದರ ಸರಳ ರೂಪದಲ್ಲಿ ಒಂದು ಕೊರತೆಯಿದೆ. ಗುಂಡಿಯೇ ಒಳಗೆ ಅಂಟಿಕೊಂಡು ವಿದ್ಯುತ್ತು ಹರಿಯುತ್ತಲೇ ಇದ್ದರೆ ಪಟ್ಟಿ ಬಿಡುವುದು, ಕೂಡುವುದು, ಮತ್ತೆ ಬಿಡುವುದು, ಹೀಗೆ ಬ್ಯಾಟರಿ ಬರಿದಾಗುವವರೆಗೂ ನಡೆದೀತು.

ಎರಡನೆಯದು ನನಗೆ ಬಹಳ ಮೆಚ್ಚುಗೆಯಾದದ್ದು. ಪಿ.ಟಿ.ಸಿ. ಎಂದು ಕರೆಯುತ್ತಾರೆ, ಬಿಸಿಯಾದಂತೆ ರೋಧ ಹೆಚ್ಚಿಸಿಕೊಳ್ಳುವ ವಸ್ತು ಎಂದು ಅರ್ಥ. ಹೆಬ್ಬೆರಳಿನ ಉಗುರಿನಷ್ಟಗಲದ ಚಪ್ಪಟೆ ಬಿಲ್ಲೆ. ಒಳಗಿರುವುದು ಏನೆಂದುಕೊಂಡಿರಿ? ಪಾಲಿಥೀನ್ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಕಲಸಿದ ಇಂಗಾಲದ ನುಣುಪು ಪುಡಿ, ಅಂದರೆ ನಮ್ಮ ಅಜ್ಜಿಯರು ದೀಪದ ಕುಡಿಯ ಮೇಲೆ ಬಟ್ಟಲು ಮಗುಚಿ ಕೂಡಿಸುತ್ತಿದ್ದ ಕಾಡಿಗೆಯ ನೆಂಟ. ತಣ್ಣಗಿರುವಾಗ ಇಂಗಾಲದ ಕಣಗಳು ಒಂದನ್ನೊಂದು ತಾಗಿಕೊಂಡು ಸರಪಳಿಯಾಗಿ, ವಿದ್ಯುತ್ತಿಗೆ ದಾರಿ ಕೊಡುತ್ತವೆ. ಸುಮಾರು 125 ಡಿಗ್ರಿಯ ಹತ್ತಿರ ಪ್ಲಾಸ್ಟಿಕ್ಕಿನ ಹರಳುರಚನೆ ಕರಗಿ ಹಿಗ್ಗುತ್ತದೆ, ಕಣಗಳು ದೂರವಾಗುತ್ತವೆ, ಸರಪಳಿ ಕಡಿಯುತ್ತದೆ. ರೋಧ ಒಮ್ಮೆಲೇ ಸಾವಿರಾರು ಪಟ್ಟು ಏರಿ ಮೋಟಾರು ನಿಲ್ಲುತ್ತದೆ. ಚಲಿಸುವ ಭಾಗವಿಲ್ಲ, ಸವೆಯುವ ಸಂಪರ್ಕವಿಲ್ಲ, ಕಿಡಿಯಿಲ್ಲ. ಮೋಟಾರಿನ ಕುಂಚಗಳಿರುವ ತಟ್ಟೆಯ ಮೇಲೆಯೇ ಇದನ್ನು ಕೂರಿಸುವುದರಿಂದ ಪ್ರವಾಹದ ಬಿಸಿಯೂ ಮೋಟಾರಿನ ಬಿಸಿಯೂ ಎರಡೂ ಇದಕ್ಕೆ ತಟ್ಟುತ್ತವೆ.

ಇದರ ಒಂದು ಗುಣವನ್ನು ಕಾರಿನ ಒಡೆಯರೆಲ್ಲ ಅರಿತಿರಬೇಕು. ಬಿಲ್ಲೆ ಕಾದು ತಡೆದ ಮೇಲೂ ಬೆರಳು ಗುಂಡಿಯ ಮೇಲೆಯೇ ಇದ್ದರೆ ಅತ್ಯಲ್ಪ ಪ್ರವಾಹವೊಂದು ಅದರೊಳಗೆ ಜಿನುಗುತ್ತಲೇ ಇರುತ್ತದೆ. ಆ ಜಿನುಗೇ ಅದನ್ನು ಬಿಸಿಯಾಗಿ ಉಳಿಸಲು ಸಾಕು. ಬೆರಳು ತೆಗೆದರೆ ತಣಿಯುತ್ತದೆ. ಒತ್ತಿಕೊಂಡೇ ಇದ್ದರೆ ತಣಿಯುವುದೇ ಇಲ್ಲ. ಗಾಜು ನಿಂತಾಗ ನಾವು ಮಾಡುವುದು ಏನು? ಇನ್ನಷ್ಟು ಬಲವಾಗಿ, ಇನ್ನಷ್ಟು ಹೊತ್ತು ಒತ್ತುತ್ತೇವೆ. ಹಿಂದಿನ ಸೀಟಿನಲ್ಲಿರುವ ಭಾವಮೈದುನನೂ ಅಲ್ಲಿಂದಲೇ ಕೈಚಾಚಿ ಒತ್ತುತ್ತಾನೆ!

ಮೂರನೆಯ ಬಗೆ ಹೊಸ ಕಾರುಗಳದು. ಅಲ್ಲಿ ತಾಪವನ್ನು ಅಳೆಯುವ ಸಾಧನವೇ ಇರಬೇಕೆಂದಿಲ್ಲ. ಮೋಟಾರು ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ಸುಮ್ಮನಿತ್ತು ಎಂಬುದನ್ನು ಗಣಕವೊಂದು ಲೆಕ್ಕವಿಟ್ಟು, ಇಷ್ಟರ ಮಟ್ಟಿಗೆ ಕಾದಿರಬೇಕೆಂದು ಊಹಿಸಿ ತಡೆಯುತ್ತದೆ. ಕೇಂದ್ರೀಯ ಬೀಗಗಳಲ್ಲಿ ಈ ಬಗೆ ಹೆಚ್ಚು. ಬಾಗಿಲ ಬೀಗದ ಮೋಟಾರು ಬಲು ಚಿಕ್ಕದು, ಒಂದು ಸಲಕ್ಕೆ ಒಂದು ಸೆಕೆಂಡೂ ದುಡಿಯುವುದಿಲ್ಲ. ಮೊಮ್ಮಗನ ಕೈಗೆ ಕೀಲಿಯ ರಿಮೋಟು ಸಿಕ್ಕಿ ಅವನು ‘ಟಕ್ ಟಕ್’ ಎಂದು ಇಪ್ಪತ್ತು ಬಾರಿ ಒತ್ತಿದಾಗ ಬೀಗ ಕೆಲಕಾಲ ಮುಷ್ಕರ ಹೂಡಿದರೆ, ಅದು ಈ ಲೆಕ್ಕಾಚಾರದ ಫಲ. ಸೀಟಿನ ಮೋಟಾರಿನದು ಇನ್ನೊಂದು ಕಥೆ. ಅದರ ಮೇಲೆ ಎಪ್ಪತ್ತು ಎಂಬತ್ತು ಕಿಲೋ ತೂಗುವ ಮನುಷ್ಯನೇ ಕುಳಿತಿರುತ್ತಾನೆ, ಹಿಂದೆ ಚೀಲ ತುರುಕಿರುತ್ತದೆ, ಹಳಿಯೊಳಗೆ ಕಡಲೆಕಾಯಿ ಸಿಪ್ಪೆಯಿಂದ ನಾಣ್ಯದವರೆಗೆ ಎಲ್ಲವೂ ಬಿದ್ದಿರುತ್ತದೆ. ಅದು ನಿಂತರೆ ಮೊದಲು ಹಳಿಯನ್ನು ನೋಡಬೇಕು.

ರಕ್ಷಣಾ ಸಾಧನವನ್ನು ಶತ್ರುವೆಂದು ನೋಡುವ ಈ ಅಭ್ಯಾಸ ಕಾರಿನೊಡನೆ ಬಂದದ್ದಲ್ಲ. ನಮ್ಮ ಅಡುಗೆಮನೆಗಳಲ್ಲಿರುವ ಮಿಕ್ಸಿಯ ತಳದಲ್ಲಿ ಒಂದು ಪುಟ್ಟ ಗುಂಡಿಯಿರುತ್ತದೆ. ದೋಸೆಹಿಟ್ಟು ಗಟ್ಟಿಯಾಗಿ ಮಿಕ್ಸಿ ನಿಂತಾಗ ಗೃಹಿಣಿಯರು ಅದನ್ನು ಮಗುಚಿ ಗುಂಡಿ ಒತ್ತಿ, ಚೂರು ನೀರು ಬೆರೆಸಿ ಮತ್ತೆ ರುಬ್ಬುತ್ತಾರೆ. ನೀರು ಬೆರೆಸುವುದನ್ನು ಗಮನಿಸಿ. ಕಾರಣವನ್ನು ತೆಗೆದ ಮೇಲೆ ಯಂತ್ರವನ್ನು ಮತ್ತೆ ನಡೆಸುವ ವಿವೇಕ ಅಲ್ಲಿದೆ. ಹೊಲದ ಪಂಪುಸೆಟ್ಟಿನ ಹತ್ತಿರ ಹೋದರೆ ಈ ವಿವೇಕ ಮಾಯವಾಗುತ್ತದೆ. ವೋಲ್ಟೇಜು ಕುಸಿದಾಗ ಮೋಟಾರು ಹೆಚ್ಚು ಪ್ರವಾಹ ಎಳೆದು ಕಾಯುತ್ತದೆಂದೇ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇಟ್ಟಿರುತ್ತಾರೆ. ಅದು ಪದೇ ಪದೇ ಬೀಳುತ್ತದೆಂದು ಕಡ್ಡಿ ಸಿಕ್ಕಿಸಿ, ದಾರ ಕಟ್ಟಿ, ತಂತಿ ಸುತ್ತಿ ಓಡಿಸಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ರೈತನನ್ನು ಅಪಹಾಸ್ಯ ಮಾಡಲು ನನಗೆ ಮನಸ್ಸಿಲ್ಲ. ಮೂರು ಗಂಟೆ ಬರುವ ಕರೆಂಟಿನಲ್ಲಿ ಬೆಳೆಗೆ ನೀರು ಹಾಯಿಸಬೇಕಾದವನ ಅವಸರವೇ ಬೇರೆ. ಆದರೆ ಸುತ್ತಮುತ್ತಲ ಹಳ್ಳಿಗಳಿಗೆ ಸೇರಿದ ಮೋಟಾರು ವೈಂಡಿಂಗ್ ಅಂಗಡಿಗಳು ಬದುಕಿರುವುದು ಆ ಕಡ್ಡಿ ಮತ್ತು ದಾರಗಳಿಂದಲೇ.

ನಮ್ಮೂರಿನ ಬೈಪಾಸ್ ರಸ್ತೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಕಾರುಗಳ ವಿದ್ಯುತ್ ಕೆಲಸದ ಅಂಗಡಿ ಇಟ್ಟಿದ್ದಾನೆ. ಕಳೆದ ಬೇಸಿಗೆಯಲ್ಲಿ ಹಾರ್ನ್ ಸರಿಮಾಡಿಸಲು ಹೋದಾಗ ಅವನ ಮೇಜಿನ ಮೇಲೆ ಬಿಚ್ಚಿದ ಕಿಟಕಿ ಮೋಟಾರೊಂದಿತ್ತು. ಬಿಲ್ಲೆಯನ್ನು ಕತ್ತರಿಸಿ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ತಂತಿ ಬೆಸೆಯುತ್ತಿದ್ದ.

“ಏನಪ್ಪ ಅದು?” ಎಂದೆ.

“ಕಟ್-ಆಫ್ ಸಾರ್. ಬಿಸಿಯಾದ್ರೆ ಆಫ್ ಆಗ್ಬಿಡುತ್ತೆ. ಗಿರಾಕಿಗೆ ಕಿರಿಕಿರಿ. ಅದಕ್ಕೇ ಡೈರೆಕ್ಟ್ ಕೊಟ್ಬಿಡ್ತೀನಿ.”

“ಯಾಕೆ ಬಿಸಿಯಾಗ್ತಿದೆ ಅಂತ ನೋಡಿದೆಯಾ?”

“ಗೊತ್ತಿದೆ ಸಾರ್. ಗಾಜು ಓಡಾಡೋ ರಬ್ಬರು ಒಣಗಿ ಕಟ್ಟಿಗೆ ಆಗಿದೆ. ಅದನ್ನ ಬದಲಾಯಿಸ್ಬೇಕು, ಎರಡು ಸಾವಿರ ಆಗುತ್ತೆ ಅಂದ್ರೆ ಗಿರಾಕಿ ಎದ್ದು ಪಕ್ಕದ ಅಂಗಡಿಗೆ ಹೋಗ್ತಾನೆ. ಇದಕ್ಕಾದ್ರೆ ಮುನ್ನೂರು.”

ಅವನ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. ನಾನು ಬಯ್ಯಲೂ ಇಲ್ಲ. ಆಗ ಅವನು ಕೇಳಿದ ಒಂದು ಪ್ರಶ್ನೆ ಮಾತ್ರ ನನಗೆ ಬಹಳ ಹಿಡಿಸಿತು. “ಹೆಂಗೂ ಫ್ಯೂಸ್ ಇದೆಯಲ್ಲ ಸಾರ್, ಅದು ಹೋಗಲ್ವಾ?”

ಹೋಗುವುದಿಲ್ಲ. ಅಥವಾ ಹೋಗುವ ಹೊತ್ತಿಗೆ ಮೋಟಾರು ಉಳಿದಿರುವುದಿಲ್ಲ. ಫ್ಯೂಸು ಇರುವುದು ಬ್ಯಾಟರಿಯಿಂದ ಬರುವ ತಂತಿಯನ್ನು ಕಾಯಲು. ಕಾರುಗಳಲ್ಲಿ ಬಳಸುವ ಬಣ್ಣಬಣ್ಣದ ಚಪ್ಪಟೆ ಫ್ಯೂಸು ತನ್ನ ಮೇಲೆ ಬರೆದ ಅಂಕಿಗಿಂತ ನೂರಕ್ಕೆ ಹತ್ತು ಹೆಚ್ಚು ಪ್ರವಾಹವನ್ನು 100 ಗಂಟೆಗಳ ಕಾಲವಾದರೂ ಕರಗದೆ ಹೊರಬೇಕೆಂಬುದು ಅದರ ಮಾನದಂಡ. ನೂರಕ್ಕೆ 35 ಹೆಚ್ಚಾದಾಗಲೂ ಹತ್ತು ನಿಮಿಷದೊಳಗೆ ಕರಗಿದರೆ ಅದು ಪಾಸು. ನಮ್ಮ ಲೆಕ್ಕದ 24 ಆಂಪಿಯರನ್ನು 30 ಆಂಪಿಯರಿನ ಫ್ಯೂಸಿನ ಮುಂದಿಟ್ಟು ನೋಡಿ. ಅದರ ಪಾಲಿಗೆ ಅದು ಎಂದಿನ ಹೊರೆ, ಕರಗುವ ಪ್ರಶ್ನೆಯೇ ಇಲ್ಲ. ಮೋಟಾರು ಹನ್ನೆರಡು ಸೆಕೆಂಡುಗಳಲ್ಲಿ ಕಾದರೆ ಫ್ಯೂಸು ಕೈಕಟ್ಟಿ ನಿಂತಿರುತ್ತದೆ. ಇದನ್ನು ನಾನು ಅವನ ಬಿಲ್ಲುಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅವನು ಗಮನವಿಟ್ಟು ಕೇಳಿ ತಲೆಯಾಡಿಸಿದ. ಒಪ್ಪಿ ಆಡಿಸಿದನೋ, ಹಳೆಯ ಮೇಷ್ಟರೆಂಬ ಗೌರವಕ್ಕೆ ಆಡಿಸಿದನೋ ಹೇಳಲಾರೆ. ಅವನ ಕಷ್ಟವೂ ಸುಳ್ಳಲ್ಲ. ರಬ್ಬರಿಗೆ ಎರಡು ಸಾವಿರ ಕೊಡಲೊಲ್ಲದ ಗಿರಾಕಿ ಅದೇ ವಾರ ಕಾರಿನ ಹಿಂಬದಿಗೆ ಹೊಳೆಯುವ ಅಕ್ಷರಗಳನ್ನು ಅಂಟಿಸಲು ಮೂರು ಸಾವಿರ ಕೊಟ್ಟಿದ್ದನಂತೆ.

ನಮ್ಮ ನಾಡಿನ ಹವೆಗೆ ಈ ವಿಷಯದಲ್ಲಿ ದೊಡ್ಡ ಪಾತ್ರವಿದೆ. ಚಳಿನಾಡಿನಲ್ಲಿ ಗಾಜು ರಬ್ಬರಿಗೆ ಮಂಜುಗಡ್ಡೆಯಿಂದ ಅಂಟಿಕೊಂಡು ಮೋಟಾರು ನಿಲ್ಲುತ್ತದೆ. ನಮ್ಮ ಕಲಬುರಗಿ, ರಾಯಚೂರು ಕಡೆಯ ಕಷ್ಟ ಅದಕ್ಕೆ ತಿರುವು ಮುರುವು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹೊರಗೇ ನಲವತ್ತು ಡಿಗ್ರಿ ದಾಟಿರುವಾಗ, ನಿಲ್ಲಿಸಿದ ಕಾರಿನ ಒಳಗು ಅರವತ್ತನ್ನೂ ಮೀರುತ್ತದೆ. ಬಿಲ್ಲೆ ತಡೆಯದೆ ಹೊರಬಲ್ಲ ಪ್ರವಾಹ 20 ಡಿಗ್ರಿಯಲ್ಲಿ ಎಷ್ಟಿರುತ್ತದೋ ಅರವತ್ತರಲ್ಲಿ ಅದರ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿರುತ್ತದೆ. ಅಲ್ಲಿ ಧೂಳೂ ಹೆಚ್ಚು, ರಬ್ಬರು ಒಣಗುವುದೂ ಬೇಗ. ಆದ್ದರಿಂದ ಜನವರಿಯಲ್ಲಿ ನಿಲ್ಲದ ಗಾಜು ಮೇ ತಿಂಗಳಲ್ಲಿ ನಿಲ್ಲುತ್ತದೆ. ಮೋಟಾರು ದುರ್ಬಲವಾಯಿತೆಂದು ಹೊಸದನ್ನು ಹಾಕಿಸಿಕೊಂಡವರಿದ್ದಾರೆ. ಹೊಸದೂ ನಿಂತಾಗ ಕಂಪನಿಯನ್ನು ಬೈದವರಿದ್ದಾರೆ. ರಬ್ಬರಿನ ಸಂದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದಿದ್ದರೆ ಸಾಕಿತ್ತು. ಗ್ರೀಸು, ಯಂತ್ರದ ಎಣ್ಣೆ ಬೇಡ. ಅವು ಆ ರಬ್ಬರನ್ನು ಊದಿಸಿ ಇನ್ನಷ್ಟು ಬಿಗಿ ಮಾಡುತ್ತವೆ.

ಇಷ್ಟು ಹೇಳಿದ ಮೇಲೆ ಈ ಕಾವಲಿನ ಮಿತಿಯನ್ನೂ ಹೇಳದಿದ್ದರೆ ವಕೀಲಿಕೆಯಾದೀತು. ಕಾವಲು ತಾನು ಕುಳಿತ ಜಾಗವನ್ನು ಮಾತ್ರ ಕಾಯುತ್ತದೆ. ಕಿಟಕಿಗೆ ಸಂಬಂಧಿಸಿದ ದೊಡ್ಡ ಅನಾಹುತಗಳು ಬಂದದ್ದು ಮೋಟಾರಿನಿಂದಲ್ಲ, ಗುಂಡಿಗಳ ಕಡೆಯಿಂದ. 2010ರ ಜನವರಿಯಲ್ಲಿ ಹೋಂಡಾ ಕಂಪನಿ ಫಿಟ್, ಜಾಜ್ ಮತ್ತು ಸಿಟಿ ಮಾದರಿಯ ಸುಮಾರು 6,46,000 ಕಾರುಗಳನ್ನು ಹಿಂದಕ್ಕೆ ಕರೆಸಿತು. ಭಾರತದ ಸಿಟಿ ಕಾರುಗಳೂ ಅದರಲ್ಲಿದ್ದವು. ಚಾಲಕನ ಬಾಗಿಲಿನ ಗುಂಡಿಗಳೊಳಗೆ ನೀರಿಳಿದು, ವಿದ್ಯುತ್ತು ಅಡ್ಡದಾರಿ ಹಿಡಿದು, ಕಾದು ಬೆಂಕಿ ಹತ್ತುವ ಅಪಾಯವಿತ್ತು. ಅದರ ಹಿಂದಿನ ವರ್ಷ ದಕ್ಷಿಣ ಆಫ್ರಿಕದಲ್ಲಿ ಕಾರಿನೊಳಗೆ ಮಲಗಿದ್ದ ಎಳೆಯ ಮಗುವೊಂದು ಇಂಥ ಬೆಂಕಿಯಲ್ಲಿ ಸತ್ತಿತ್ತು. 2012ರ ಅಕ್ಟೋಬರಿನಲ್ಲಿ ಟೊಯೋಟಾ ಜಗತ್ತಿನಾದ್ಯಂತ 74 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಕರೆಸಿತು. ಗುಂಡಿಗಳೊಳಗೆ ಗ್ರೀಸನ್ನು ಸಮನಾಗಿ ಸವರಿರಲಿಲ್ಲ ಎಂಬುದು ಕಾರಣ! 2015ರಲ್ಲಿ ಅಂಥದೇ ಕಾರಣಕ್ಕೆ ಮತ್ತೆ 65 ಲಕ್ಷ. ಬಿಸಿ ಹುಟ್ಟಿದ್ದು ಗುಂಡಿಯಲ್ಲಾದ್ದರಿಂದ, ಬಾಗಿಲಿನ ತಳದಲ್ಲಿ ಮೋಟಾರಿನೊಳಗೆ ಕುಳಿತ ಬಿಲ್ಲೆಗೆ ಅದರ ಸುಳಿವೂ ಸಿಗುವಂತಿರಲಿಲ್ಲ. ಇದನ್ನು ಓದಿ ‘ಹಾಗಾದರೆ ಬಿಲ್ಲೆ ಇದ್ದರೇನು, ಬಿಟ್ಟರೇನು’ ಎನ್ನುವವರಿಗೆ ನನ್ನ ಉತ್ತರ ಇಷ್ಟೆ. ಗುಂಡಿ ಕೆಟ್ಟು ಒಳಗೇ ಅಂಟಿಕೊಂಡಿತೆನ್ನಿ. ಬೆರಳು ತೆಗೆದರೂ ವಿದ್ಯುತ್ತು ನಿಲ್ಲದು. ಗಾಜು ಪೂರ್ತಿ ಏರಿ ಚೌಕಟ್ಟಿಗೆ ಒತ್ತಿ ನಿಂತ ಮೇಲೂ ಮೋಟಾರಿಗೆ 24 ಆಂಪಿಯರ್ ಹರಿಯುತ್ತಲೇ ಇರುತ್ತದೆ. ಆಗ ಕಾರಿನಲ್ಲಿ ಯಾರೂ ಇಲ್ಲದಿರಬಹುದು. ಬಿಲ್ಲೆ ಇದ್ದರೆ ಅದು ತಾನೇ ತಡೆದು, ವಿದ್ಯುತ್ತು ಇರುವಷ್ಟು ಹೊತ್ತೂ ತಡೆದೇ ಇರುತ್ತದೆ. ಮುನ್ನೂರು ರೂಪಾಯಿ ಕೊಟ್ಟು ತೆಗೆಸಿದ್ದು ಆ ತಡೆಯನ್ನೇ.

ಇನ್ನೊಂದು ಮಿತಿ ಇದಕ್ಕಿಂತ ಗಂಭೀರವಾದದ್ದು. ‘ನಮ್ಮ ಕಾರಿನಲ್ಲಿ ಕಟ್-ಆಫ್ ಇದೆ, ಮಗುವಿನ ಕೈ ಸಿಕ್ಕಿದರೆ ತಾನೇ ನಿಲ್ಲುತ್ತದೆ’ ಎಂದು ಓದಿದ ಜನರೇ ಹೇಳುವುದನ್ನು ಕೇಳಿ ದಿಗಿಲಾಯಿತು. ಶಾಖದ ಕಾವಲು ಕಾಯುವುದು ಮೋಟಾರನ್ನು, ಮಗುವನ್ನಲ್ಲ. ಅದು ಎಚ್ಚೆತ್ತುಕೊಳ್ಳಲು ಸೆಕೆಂಡುಗಳು ಬೇಕು. ಅಷ್ಟರಲ್ಲಿ ಗಾಜು ತನ್ನ ಪೂರ್ಣ ಬಲದಿಂದ ಒತ್ತಿಯೇ ಇರುತ್ತದೆ. ನಿಂತ ಮೇಲೂ ವರ್ಮ್ ಗೇರಿನ ಗುಣದಿಂದ ಗಾಜು ಹಿಂದೆ ಸರಿಯುವುದಿಲ್ಲ, ಹಿಡಿದದ್ದನ್ನು ಹಿಡಿದೇ ಇರುತ್ತದೆ. ಅದನ್ನು ಇಳಿಸಲು ಗುಂಡಿ ಒತ್ತಿದರೆ, ಮೋಟಾರು ತಣಿಯುವವರೆಗೆ ಅದು ಇಳಿಯುವುದೂ ಇಲ್ಲ! ಮಗುವನ್ನು ಕಾಯುವ ಏರ್ಪಾಡೇ ಬೇರೆ. ಅಡ್ಡಿ ತಗುಲಿದೊಡನೆ ಗಾಜು ತಾನೇ ಕೆಳಗಿಳಿಯಬೇಕು. ಒಮ್ಮೆ ಒತ್ತಿ ಬಿಟ್ಟರೆ ಪೂರ್ತಿ ಏರುವ ಗಾಜು 100 ನ್ಯೂಟನ್ನಿಗಿಂತ ಹೆಚ್ಚು ಬಲ ಹಾಕುವ ಮೊದಲೇ ಹಿಂದಕ್ಕೆ ಸರಿಯಬೇಕೆಂದು ಯೂರೋಪಿನ ದೇಶಗಳು ಅನುಸರಿಸುವ ವಿಶ್ವಸಂಸ್ಥೆಯ 21ನೆಯ ವಾಹನ ನಿಯಮ ಹೇಳುತ್ತದೆ. ನೂರು ನ್ಯೂಟನ್ ಎಂದರೆ ಸುಮಾರು ಹತ್ತು ಕಿಲೋ ಅಕ್ಕಿಚೀಲದ ಭಾರ. ಈ ಏರ್ಪಾಡು ಇರುವ ಕಾರುಗಳಲ್ಲಿಯೂ ಚಾಲಕನ ಕಿಟಕಿಗೆ ಇದ್ದು ಹಿಂದಿನ ಕಿಟಕಿಗಳಿಗೆ ಇಲ್ಲದಿರುವುದುಂಟು. ಮಕ್ಕಳು ಕೂರುವುದು ಹಿಂದೆ. ಹಿಂದಿನ ಕಿಟಕಿಗಳ ಗುಂಡಿಯನ್ನು ಕೆಲಸ ಮಾಡದಂತೆ ತಡೆಯುವ ಒಂದು ಗುಂಡಿ ಚಾಲಕನ ಬಾಗಿಲಿನಲ್ಲಿರುತ್ತದೆ. ಮಕ್ಕಳಿರುವ ಮನೆಯವರು ಅದನ್ನು ಸದಾ ಒತ್ತಿಟ್ಟಿರುವುದು ಒಳಿತು.

ಕಂಪನಿಗಳ ಮೇಲೆ ನನಗಿರುವ ಆಕ್ಷೇಪ ಮೋಟಾರಿನ ವಿಷಯದಲ್ಲಲ್ಲ, ಮಾತಿನ ವಿಷಯದಲ್ಲಿ. ಹೀಗೆ ಬಿಸಿಯಾಗಿ ನಿಲ್ಲುವುದು ಸಹಜವೆಂಬ ಮಾತು ಕಾರಿನ ಜೊತೆ ಕೊಡುವ ಕೈಪಿಡಿಯಲ್ಲಿ ಎಲ್ಲೋ ಮುನ್ನೂರನೆಯ ಪುಟದ ಆಸುಪಾಸಿನಲ್ಲಿ ಅಡಗಿರುತ್ತದೆ. ನಾನು ತಿರುವಿ ನೋಡಿದ ನಾಲ್ಕಾರು ಕೈಪಿಡಿಗಳೂ ಇಂಗ್ಲಿಷಿನಲ್ಲಿದ್ದವು. ಟ್ಯಾಕ್ಸಿ ಓಡಿಸಿ ಸಂಸಾರ ನಡೆಸುವ, ಕನ್ನಡವನ್ನು ಮಾತ್ರ ಸಲೀಸಾಗಿ ಓದಬಲ್ಲ ಚಾಲಕನಿಗೆ ಆ ಪುಸ್ತಕ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಡಬ್ಬಿಯಲ್ಲಿಡುವ ವಸ್ತು. ಅವನಿಗೆ ತಿಳಿಸುವವರು ಯಾರು? ಮಾರುವವನು ಸಾಲದ ಕಂತು ತಿಳಿಸುತ್ತಾನೆ. ಸರ್ವೀಸಿನವನು ಬಿಲ್ಲಿನ ಮೊತ್ತ ತಿಳಿಸುತ್ತಾನೆ. ಆಗ ಉಳಿಯುವುದು ಬೈಪಾಸ್ ರಸ್ತೆಯ ನನ್ನ ಶಿಷ್ಯ ಮತ್ತು ಅವನ ಬೆಸುಗೆ ಕಡ್ಡಿ.

ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಚಕ್ರದ ಗಾಳಿ ಎಷ್ಟಿರಬೇಕೆಂದು ತಿಳಿಸುವ ಚೀಟಿಯೊಂದು ಅಂಟಿಸಿರುತ್ತದೆ. ಅದರ ಕೆಳಗೆ ಅಂಗೈಯಗಲ ಜಾಗ ಖಾಲಿಯಿದೆ. ಅಲ್ಲಿ ಕನ್ನಡದಲ್ಲಿ ಮೂರು ಸಾಲು ಅಚ್ಚು ಮಾಡಿ ಅಂಟಿಸಿ ಎಂಬುದು ನನ್ನ ಬೇಡಿಕೆ. ಗಾಜು ಅಥವಾ ಸೀಟು ನಿಂತರೆ ಗುಂಡಿಯಿಂದ ಬೆರಳು ತೆಗೆದು ಕೆಲವು ನಿಮಿಷ ಕಾಯಿರಿ. ಪದೇ ಪದೇ ನಿಂತರೆ ರಬ್ಬರು, ಹಳಿಗಳನ್ನು ಪರೀಕ್ಷಿಸಿರಿ. ಮೋಟಾರಿನ ಒಳಗಿನ ಬಿಲ್ಲೆಯನ್ನು ತೆಗೆಸಬೇಡಿರಿ. ಸಾಲುಗಳನ್ನು ನಾನೇ ಬರೆದಿಟ್ಟಿದ್ದೇನೆ. ಯಾವ ಕಂಪನಿಯಾದರೂ ಸರಿ, ಪುಕ್ಕಟೆ ಬಳಸಿಕೊಳ್ಳಬಹುದು.